ಎದುರು ಸುತ್ತು

ದಾರಿ ಆರು ಕಿಲೋಮೀಟರು, ಗೋಲ.
ಹೊರಟ ಹಲಗೆಯ ಹತ್ತಿರವೇ ಮುಗಿಯುತ್ತದೆ,
ಎಲ್ಲಿಗೂ ಕರೆದೊಯ್ಯುವುದಿಲ್ಲ ಎಂದು
ಮೊದಲೇ ಒಪ್ಪಿಕೊಂಡ ದಾರಿ.
ವಾರವಿಡೀ ಶಾಲೆಯ ಅಡುಗೆಮನೆಯಲ್ಲಿ
ಇನ್ನೂರು ಮಕ್ಕಳಿಗೆ ಕೋಸಿನ ಸಾರು ಕುದಿಸಿ
ಮೈಯೆಲ್ಲ ಹಬೆಯಾದವಳಿಗೆ
ಅಷ್ಟು ಸಾಕು.

ನಾನು ಕಾಡಿನ ಕಡೆಯಿಂದ ಹೊರಡುವವಳು.
ಎಂಡೆಲ್ ಹೊಲದ ಕಡೆಯಿಂದ.
ಯಾಕೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ;
ಕಾಸೆಮೆಯಲ್ಲಿ ಹದಿನಾರು ವರ್ಷದ ನೆರೆಹೊರೆ,
ಕೇಳದೆ ಬಿಟ್ಟ ಮಾತುಗಳೇ ಬೇಲಿ.
ಭಾನುವಾರ, ಏಳು ಗಂಟೆ.
ಅವನು ಗಡಿಯಾರ ಒತ್ತುತ್ತಾನೆ,
ನಾನು ಲೇಸು ಬಿಗಿಯುತ್ತೇನೆ,
ಬೆನ್ನಿಗೆ ಬೆನ್ನು ಹಾಕಿ ಓಡುತ್ತೇವೆ
ಜಗಳವಾಡಿದವರ ಹಾಗೆ.

ಮೊದಲು ಸ್ಪ್ರೂಸ್ ಮರಗಳ ಕತ್ತಲೆ.
ನೆಲ ಮೆತ್ತಗೆ, ಯಾರದೋ ಹಾಸಿಗೆಯ ಮೇಲೆ ಕದ್ದು ಓಡಿದಂತೆ.
ಸೂಜಿ ಎಲೆ, ಪಾಚಿ, ಬೇರಿನ ಗಂಟು, ಜೋಕೆ.
ಉಸಿರು ಇನ್ನೂ ಕಾಲಿನ ಮಾತು ಕೇಳುತ್ತಿಲ್ಲ.
ಒಂದು ಮೂಸ್ ಒಮ್ಮೆ ನಿಂತು ನೋಡಿತ್ತು,
ಯಾರೂ ಅಟ್ಟಿಸಿಕೊಂಡು ಬರದೆ ಇವಳೇಕೆ ಓಡುತ್ತಾಳೆ ಎಂದು.
ಆಮೇಲೆ ಜೌಗು, ಆಮೇಲೆ ಬರ್ಚ್ ಮರಗಳು,
ಆಮೇಲೆ ಹಳ್ಳ, ಹಳ್ಳದ ಮೇಲೆ ಹದಿನೆಂಟು ಹಲಗೆಯ ಸೇತುವೆ.
ಅಲ್ಲಿ ಎಂಡೆಲ್.

ನಮ್ಮಲ್ಲಿ ಎದುರಾದವರಿಗೆ ಹೇಳುವುದು ಒಂದೇ ಮಾತು:
ತೆರೆ.
ತೆರೆ ಅಂದ. ತೆರೆ ಅಂದೆ.
ತೆರೆದದ್ದು ಅಷ್ಟೇ.
ಅವನ ಬೆವರಿನಲ್ಲಿ ರೈ ಹೊಲದ ಧೂಳು,
ನನ್ನ ಕೂದಲಲ್ಲಿ ಜೇಡನ ಬಲೆ,
ಅರ್ಧ ಅರ್ಧ ಹಂಚಿಕೊಂಡ ದಾರಿ
ಸೇತುವೆಯ ಮೇಲೆ ಕೈ ಬದಲಾಯಿಸಿತು.

ಮೂರು ಬೇಸಿಗೆ ಹಾಗೆಯೇ.

ನಾಲ್ಕನೆಯದರಲ್ಲಿ ಸೇತುವೆ ಖಾಲಿ.
ರೈ ಹೊಲದ ಅಂಚಿಗೆ ಬಂದಾಗ ಸಿಕ್ಕ.
ನಾನೇ ಜೋರಾಗಿದ್ದೇನೆ ಅಂದುಕೊಂಡು
ಒಳಗೊಳಗೇ ಬೀಗಿದೆ, ಸುಳ್ಳು ಯಾಕೆ.
ಜುಲೈಯಲ್ಲಿ ಕೊಕ್ಕರೆ ಗೂಡಿನ ಕಂಬದ ಹತ್ತಿರ:
ಮೇಲೆ ಮರಿಗಳು ರೆಕ್ಕೆ ಬಡಿದು ಅಭ್ಯಾಸ ಮಾಡುತ್ತಿದ್ದವು,
ಕೆಳಗೆ ಅವನು ಸೊಂಟಕ್ಕೆ ಕೈಕೊಟ್ಟು
ಅವನ್ನೇ ನೋಡುವವನಂತೆ ನಿಂತಿದ್ದ.
ಸೆಪ್ಟೆಂಬರಿಗೆ ಸಾಮೂಹಿಕ ಬೇಸಾಯದ ಕಾಲದ
ಚಾವಣಿ ಕುಸಿದ ಕೊಟ್ಟಿಗೆ.
ಆಮೇಲೆ ವಿದ್ಯುತ್ ಬೇಲಿಯ ಗೇಟು.
ನನ್ನ ಗಡಿಯಾರ ನೋಡಿಕೊಂಡೆ. ವೇಗ ಹಳೆಯದೇ.

ಡೇರಿಯಲ್ಲಿ ಮೂವತ್ತು ವರ್ಷ ಹಾಲು ತೂಗಿದ ಮನುಷ್ಯ,
ಒಂದು ಗ್ರಾಮು ಹೆಚ್ಚು ಕಡಿಮೆ ಮಾಡಿದವನಲ್ಲ;
ತನ್ನ ಎದೆಯ ಲೆಕ್ಕವನ್ನು ಮಾತ್ರ
ಬಾಯಿಬಿಟ್ಟು ಹೇಳದೆ
ಹೊಲದಲ್ಲಿ ಗೂಟ ಹೊಡೆದಂತೆ
ತಿಂಗಳಿಗೊಂದು ಕಡೆ ನಿಂತು ತೋರಿಸಿದ.

ಹಿಮ ಬಿತ್ತು. ಹಿಮ ಕರಗಿತು.

ಮೇ ತಿಂಗಳ ಮೊದಲ ಭಾನುವಾರ
ಬಂದ, ಥರ್ಮಾಸಿನೊಂದಿಗೆ.
ಹಲಗೆಯ ಕೆಳಗಿನ ಬೆಂಚಿನಲ್ಲಿ ಕೂತು ಗಡಿಯಾರ ಒತ್ತಿದ.
"ಹೊರಡು."
ಕಾಲು ತಾನಾಗಿ ಹೊಲದ ಕಡೆ ತಿರುಗಿತು.

ಗೊತ್ತಿರಲಿಲ್ಲ:
ಅವನ ಕಡೆಯಿಂದ ಹೊಲವೆಲ್ಲ ಏರು.
ಎಸ್ಟೋನಿಯಾದಲ್ಲಿ ಏರು ಎಂದರೆ ನಗುವವರುಂಟು,
ನಗಲಿ.
ಗಾಳಿ ಎದೆಗೇ, ಬಿಸಿಲು ಕಣ್ಣಿಗೇ.
ಇಷ್ಟು ವರ್ಷ ನಾನು ಹಗುರಾಗಿ ಇಳಿದು ಬಂದದ್ದೆಲ್ಲ
ಅವನು ಹತ್ತಿ ಬಂದದ್ದು.
ಕೊಟ್ಟಿಗೆಯ ಈಚೆ ಗೋಡೆಯ ಮೇಲೆ
ಯಾರೋ ಸುಣ್ಣದಲ್ಲಿ ಕುದುರೆ ಬರೆದಿದ್ದಾರೆ,
ನನ್ನ ಕಡೆಯಿಂದ ಎಂದೂ ಕಾಣದ ಕುದುರೆ.
ಸೇತುವೆಯ ಮೇಲೆ ಯಾರೂ ಇಲ್ಲ.
ಆದರೂ ತೆರೆ ಅಂದೆ.
ಕಾಡಿಗೆ ಬರುವಾಗ ಮೈ ಬೆಂದಿತ್ತು,
ತಂಪು ತಾನೇ ಮುಂದೆ ಬಂದು ಕೈಹಿಡಿಯಿತು.
ಇದಕ್ಕೇನೋ ಮುದುಕಾ,
ಕಾಡನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದದ್ದು?

ಒಬ್ಬರ ವೇಗ ಸೊನ್ನೆಯಾದರೆ
ಹೊರಟಲ್ಲೇ ಭೇಟಿ; ಶಾಲೆಯ ಲೆಕ್ಕ.
ಆಯಿತು.
ತೆರೆ ಅಂದ. ಸಮಯ ಹೇಳಲಿಲ್ಲ.
ಕಾಲು ಚಾಚು ಅಂದ.
ನನ್ನ ಕಾಲುಚೀಲದ ಹತ್ತಿರ ಕನ್ನಡಕ ತಂದು
ಅಂಟಿದ್ದನ್ನು ಒಂದೊಂದೇ ಬಿಡಿಸಿದ:
ರೈ ಇನ್ನೂ ಎಳೆಯದು. ಗೇಟಿನ ಬಳಿ ಕೆಸರಿದೆ.
ಜೌಗಿನಲ್ಲಿ ಹತ್ತಿಹುಲ್ಲು ಅರಳಿದೆ.
ಇದು? ಇದು ಉಣ್ಣಿ.
ಉಗುರಲ್ಲಿ ಚಿವುಟಿ ಎಸೆದ,
ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸಿದ.
"ಸೇತುವೆಯ ಐದನೇ ಹಲಗೆ
ಇನ್ನೂ ಕುಂಯ್ ಅನ್ನುತ್ತಾ?"

ಅನ್ನುತ್ತೆ ಅಂದೆ.
ಗಮನಿಸಿರಲಿಲ್ಲ.
ಮುಂದಿನ ಭಾನುವಾರ ಕೇಳಿಸಿಕೊಂಡು ಬರಬೇಕು.