ಮೊದಲ ಶನಿವಾರ, ಬ್ಯಾಲರಾಟ್

ಹೀಟರು ಕೆಮ್ಮಿ ಕೆಮ್ಮಿ ಹೊತ್ತಿಕೊಂಡಿತು.
ಚರ್ಚಿನ ಹಿಂದಿನ ಹಾಲಿನಲ್ಲಿ ಹದಿನಾಲ್ಕು ಕುರ್ಚಿ,
ಹನ್ನೊಂದು ಜನ, ಒಂದು ನಾಯಿ.
ನಾಯಿಯ ಹೆಸರು ಬಾಬಿನ್.
ಅದರ ಕೂದಲನ್ನೂ ಯಾರೋ ನೂತು ಟೋಪಿ ಮಾಡಿದ್ದರಂತೆ;
ಮಳೆ ಬಂದ ದಿನ ಟೋಪಿ
ಬೊಗಳುವುದೊಂದು ಬಾಕಿ.

'ಏನು ಮಾಡಿದಿರಿ ಈ ತಿಂಗಳು?'
ವಿನಿಫ್ರೆಡ್ ಕೇಳುವ ಧಾಟಿ
ಮೇಷ್ಟ್ರು ಮಗ್ಗಿ ಒಪ್ಪಿಸು ಅಂದಂತೆ.
ಎಲ್ಲರ ಕೈಯೂ ಚೀಲದೊಳಗೆ.

ಕೋರಲ್ ಎದ್ದು ತೋರಿಸಿದ್ದು ಒಂದೇ ಕಾಲುಚೀಲ.
ಜೊತೆಯದು? ಎಂದರೆ ನಗುತ್ತಾಳೆ:
'ಒಂದು ಮುಗಿಯುವಷ್ಟರಲ್ಲಿ ಅದರ ಗುಟ್ಟೆಲ್ಲ ತಿಳಿದುಬಿಡುತ್ತದೆ,
ಆಮೇಲೆ ಅದೇ ಮಾತು ಇನ್ನೊಮ್ಮೆ ಯಾಕೆ?'
ಅವಳ ಕಪಾಟಿನಲ್ಲಿ ಇಪ್ಪತ್ತಾರು ಒಂಟಿ ಕಾಲುಚೀಲ,
ಇಪ್ಪತ್ತಾರು ಕಾಲಿನ ಯಾವುದೋ ಪ್ರಾಣಿಗೆ ಕಾಯುತ್ತಿವೆ.

ತುಯೆತ್ ನೀಲಗಿರಿ ಎಲೆ ಕುದಿಸಿ ಬಣ್ಣ ಕಟ್ಟಿದ್ದಳು.
ಹಸಿರು ಎಲೆ, ಹಸಿರೇ ಬರಬೇಕಲ್ಲ;
ಬಂದದ್ದು ಇಟ್ಟಿಗೆಗೂಡಿನ ಕೆಂಡ.
ಐದು ಲಡಿ ಮೇಜಿನ ಮೇಲೆ ಬಿದ್ದದ್ದೇ
ಎಲ್ಲರ ಅಂಗೈ ತಾನೇ ಚಾಚಿ ಕಾಯಿಸಿಕೊಂಡವು.
'ವಾಸನೆಗೆ ಗಂಡ ಎರಡು ದಿನ ಅಡುಗೆಮನೆಗೆ ಕಾಲಿಡಲಿಲ್ಲ.
ಅದೂ ಲಾಭದ ಬಾಬತ್ತೇ.'

ಹ್ಯೂ, ರೈಲ್ವೆ ಸಿಗ್ನಲ್ಲಿನಲ್ಲಿದ್ದವನು,
ದಿನಕ್ಕೊಂದು ಎಳೆಯಂತೆ ವರುಷವನ್ನೇ ನೇಯುತ್ತಿದ್ದಾನೆ.
ಬೆಳಗಿನ ಏಳಕ್ಕೆ ಪಾದರಸ ಎಲ್ಲಿದೆಯೋ ಅದಕ್ಕೊಂದು ಬಣ್ಣ:
ಜನವರಿ ಕುಂಕುಮ, ಮಾರ್ಚಿ ಅರಿಸಿನ,
ಜೂನು ನೇರಳೆಹಣ್ಣು ತಿಂದ ನಾಲಗೆ.
ಮೇ ತಿಂಗಳ ನಡುವೆ ಮೂರು ಎಳೆ ಬರೀ ಬಿಳಿ.
'ಆ ದಿನಗಳಲ್ಲಿ ನೋಡಲಿಲ್ಲ' ಅಂದ.
ಯಾರೂ ಕೇಳಲಿಲ್ಲ.
ನಾಯಿ ಕೂಡ ಕೆರೆದುಕೊಳ್ಳುವುದನ್ನು ನಿಲ್ಲಿಸಿತು.

ನನ್ನ ಸರದಿ.
ಚಳ್ಳಕೆರೆ ಕಂಬಳಿಯ ಹದ
ಇಲ್ಲಿನ ಕರಿಕುರಿಯ ಉಣ್ಣೆಗೆ ಒಗ್ಗುತ್ತದೋ ಇಲ್ಲವೋ ಎಂದು
ಮೊಳದುದ್ದ ನೇಯ್ದು ನೋಡಿದ್ದೆ.
ಹುಣಸೆಬೀಜ ಹುರಿದು, ಸಿಪ್ಪೆ ಕಳೆದು, ನೆನೆಹಾಕಿ, ರುಬ್ಬಿ,
ಗಂಜಿ ಕಾಸಿ ಹಾಸಿಗೆ ಬಳಿದದ್ದನ್ನು
ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದೆ.
ಒಬ್ಬೊಬ್ಬರೇ ಮೂಸಿದರು.
'ಚುಚ್ಚುತ್ತದಲ್ಲ!' ಅಂದಳು ಕೋರಲ್, ಕೆನ್ನೆಗೆ ಒತ್ತಿ.
ಚುಚ್ಚಬೇಕು ಕಣೇ,
ಮಳೆ ಒಳಗೆ ಬರಲು ಅಂಜುವುದು ಅದಕ್ಕೇ.
ಬಾಬಿನ್ ಬಂದು ಮೂರು ಸುತ್ತು ಸುತ್ತಿ
ಅದರ ಮೇಲೆಯೇ ಮುದುಡಿ ಮಲಗಿತು.
ಇದಕ್ಕಿಂತ ದೊಡ್ಡ ಬಹುಮಾನ ಈ ಊರಿನಲ್ಲಿಲ್ಲ.

ಕೊನೆಗೆ ಈನಿಡ್.
ಬರಿಗೈಯಲ್ಲಿ ಬಂದಳೆಂದುಕೊಂಡಿದ್ದೆವು.
ಕೋಟಿನ ಜೇಬಿನಿಂದ ತೆಗೆದಳು ಬೂದುಬಣ್ಣದ ಉಂಡೆ.
'ನಾನು ಈ ತಿಂಗಳು ಬಿಚ್ಚಿದೆ.'
ನಲವತ್ತು ವರುಷದ ಹಿಂದಿನ ಸ್ವೆಟರು.
ಹೆಣೆದದ್ದು ಯಾರಿಗೋ, ಅವನು ಎರಡು ಸಲ ತೊಟ್ಟ,
ಮೂರನೆಯ ಸಲ ಸೆಕೆ ಅಂದ.
'ತೋಳಿಗೆ ಒಂದು ಸಂಜೆ ಸಾಕಾಯಿತು.
ಕೊರಳು ಮಾತ್ರ ಹಟ ಹಿಡಿಯಿತು.'

ಉಂಡೆ ಕೈಯಿಂದ ಕೈಗೆ ದಾಟಿ ನನ್ನಲ್ಲಿಗೆ ಬಂತು.
ನೂಲು ನೆಟ್ಟಗಿಲ್ಲ,
ಗೇಣಿಗೆ ನೂರು ಬಳುಕು,
ಆಗಷ್ಟೇ ಬಿಚ್ಚಿದ ಜಡೆಯ ಕೂದಲು ಹೇಗೋ ಹಾಗೆ.
ಒಂದೊಂದು ಕುಣಿಕೆಯೂ
ತಾನು ಕೂತಿದ್ದ ಜಾಗ ಬಿಟ್ಟುಕೊಟ್ಟಿಲ್ಲ.

'ಬಿಸಿನೀರಲ್ಲಿ ಅದ್ದಿ, ತುದಿಗೆ ಭಾರ ಕಟ್ಟಿ ನೇತುಹಾಕು,
ರಾತ್ರಿ ಕಳೆಯುವುದರೊಳಗೆ ನೆಟ್ಟಗಾಗುತ್ತದೆ' ಅಂದ ಹ್ಯೂ.
'ಗೊತ್ತು' ಅಂದಳು ಈನಿಡ್. 'ಅವಸರವಿಲ್ಲ.'

ಟೀ ಆಯಿತು. ಲ್ಯಾಮಿಂಗ್ಟನ್ ಕೇಕಿನ ಕೊಬ್ಬರಿಪುಡಿ
ಎಲ್ಲರ ಉಣ್ಣೆಗೂ ಪಕ್ಷಪಾತವಿಲ್ಲದೆ ಅಂಟಿತು.
ವಿನಿಫ್ರೆಡ್ ನಡಾವಳಿ ಪುಸ್ತಕ ತೆರೆದು ಬರೆಯತೊಡಗಿದಳು:
ಕಾಲುಚೀಲ, ಒಂದು.
ಬಣ್ಣದ ಲಡಿ, ಐದು.
ವರುಷ, ಅರ್ಧ.
ಕಂಬಳಿ, ಮೊಳ (ನಾಯಿ ಸಹಿತ).
ಈನಿಡ್ ಹೆಸರಿನ ಮುಂದೆ ಪೆನ್ನು ನಿಂತಿತು.
ಹೊರಗೆ ಟ್ರಕ್ಕೊಂದು ಗೇರು ಬದಲಿಸಿ ಹೋಯಿತು.
ಉಂಡೆ, ಒಂದು, ಎಂದು ಬರೆದು
ಕನ್ನಡಕದ ಮೇಲಿಂದ ನೋಡಿ ಕೇಳಿದಳು:
'ತೂಕ?'