ಹಿಂಗೈ

ಐಟಿಐ ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಮಾಡಿಸಿಕೊಂಡು
ಹೊಸಲೈನ್ ರಸ್ತೆಯ ಅಂಗಡಿಗೆ ಹೋದ ದಿನ
ಮೊಗಣ್ಣ ಮೇಸ್ತ್ರಿ ಅದನ್ನು ಓದಲಿಲ್ಲ,
ಬೀಡಿಯ ಬೂದಿ ಬೀಳದ ಹಾಗೆ ಪಕ್ಕಕ್ಕಿಟ್ಟು
ಕೈಗೊಂದು ಉಳಿ ಕೊಟ್ಟ, ಹಿಡಿ ಸವೆದ ಸುತ್ತಿಗೆ ಕೊಟ್ಟ.
"ಗೋಡೆ ಕೊರಿ. ಮಿಕ್ಕಿದ್ದು ಆಮೇಲೆ."

ಆಮೇಲೆ ಅಂದರೆ ಆರು ತಿಂಗಳು.

ಸಾಲಗಾಮೆ ರಸ್ತೆಯಾಚೆಯ ಹೊಸ ಬಡಾವಣೆಯಲ್ಲಿ
ಬಾಗಿಲಿಲ್ಲದ, ಮೀಟರಿಲ್ಲದ ಮನೆಗಳು.
ಕರೆಂಟೇ ಇಲ್ಲದ ಕಡೆ ಕರೆಂಟಿನ ಕೆಲಸ.
ಸೀಮೆಸುಣ್ಣದ ಗೆರೆ, ಗೆರೆಯ ಮೇಲೆ ಉಳಿ,
ಇಟ್ಟಿಗೆಯ ಕೆಂಪು ಪುಡಿ ರೆಪ್ಪೆಯಲ್ಲಿ, ಜಡೆಯಲ್ಲಿ,
ಡಬ್ಬಿಯ ಮುದ್ದೆಯ ಮೇಲೂ ತೆಳ್ಳಗೆ.
ಎಡಗೈಯ ಹೆಬ್ಬೆರಳಲ್ಲಿ
ಒಂದು ಉಗುರು ಬಿದ್ದು ಇನ್ನೊಂದು ಹುಟ್ಟಿತು.

"ಇವತ್ತು ಹೊಡೀತಾ?"
ಗಾರ್ಮೆಂಟ್ಸ್ ಪಾಳಿ ಮುಗಿಸಿ ಬಂದ ಅವ್ವ
ಚಪ್ಪಲಿ ಬಿಡುವ ಮೊದಲೇ ಕೇಳುತ್ತಾಳೆ.
"ಇನ್ನೂ ಕರೆಂಟೇ ಬಂದಿಲ್ಲವ್ವ."
ಅವಳಿಗೆ ನೆಮ್ಮದಿ. ನನಗೆ ಅವಮಾನ.

ಭಾನುವಾರ ಕಾರಿಳಿದ ಮನೆ ಯಜಮಾನರು
ಏಣಿಯ ಮೇಲಿದ್ದ ನನ್ನನ್ನು ನೋಡಿ
"ಹುಡುಗಿ ಕೈಲಿ ಆಗುತ್ತೇನಯ್ಯಾ?"
ಮೊಗಣ್ಣ ಬಾಯಲ್ಲಿ ಕಚ್ಚಿದ್ದ ಸ್ಕ್ರೂ ತೆಗೆದು ಅಂದ:
"ಕರೆಂಟಿಗೆ ಗೊತ್ತಾಗಲ್ಲ ಸಾ."

ಅವನ ಪಾಠಕ್ಕೆ ಪುಸ್ತಕವಿಲ್ಲ.
ಪೈಪಿನ ತಿರುವಲ್ಲಿ ಸ್ಪ್ರಿಂಗ್ ಸಿಕ್ಕಿಕೊಂಡರೆ
"ತಳ್ಳಬೇಡ, ಕಿವಿಗೊಟ್ಟು ಕೇಳು."
ಮೇನ್ ಆಫ್ ಅಂತ ಯಾರೇ ಹೇಳಲಿ, ದೇವರೇ ಹೇಳಲಿ
"ಮೊದಲು ಟೆಸ್ಟರ್ ಇಡು."
ಮುಟ್ಟಲೇಬೇಕಾದರೆ ಹಿಂಗೈ.
"ಅಂಗೈಗೆ ಆಸೆ, ಹಿಡಿದದ್ದು ಬಿಡಲ್ಲ.
ಹಿಂಗೈಗೆ ಹಿಡಿಯೋಕೆ ಬರಲ್ಲ,
ಅದಕ್ಕೇ ಬದುಕುತ್ತೆ."

ಹಿತ್ತಲಲ್ಲಿ ಎಂಟಡಿ ಗುಂಡಿ. ಒಂದು ಪದರ ಇದ್ದಿಲು,
ಒಂದು ಪದರ ಕಲ್ಲುಪ್ಪು, ಮತ್ತೆ ಇದ್ದಿಲು.
"ದಾರಿ ತಪ್ಪಿದ್ದು ಓಡಿ ಬರೋಕೆ
ಒಂದು ಮನೆ ಬೇಡವಾ?"
ಉಪ್ಪು ತಿಂದ ಮೇಲೆ ನೀರು ಕುಡಿಯಲೇಬೇಕು
ಅನ್ನುವುದು ಇಲ್ಲಿ ಗಾದೆಯಲ್ಲ,
ಬೇಸಿಗೆಯಲ್ಲಿ ವಾರಕ್ಕೆರಡು ಬಿಂದಿಗೆ.

ಆ ಮನೆಯ ವಿಮಲಾಕ್ಷಿ, ಯಜಮಾನರ ತಂಗಿ,
ಅಂಗೈ ಊರಿಕೊಂಡೇ ಜರುಗುತ್ತ
ಇನ್ನೂ ಗಾರೆ ಕಾಣದ ನೆಲದ ಮೇಲೆ
ತನ್ನ ಕೋಣೆ ನೋಡಿ ಹೋದಳು. ಏನೂ ಕೇಳಲಿಲ್ಲ.
ನಾಲ್ಕಡಿಗೆ ಎಳೆದಿದ್ದ ಗೆರೆಯನ್ನು ನಾನು
ಒದ್ದೆ ಬಟ್ಟೆಯಲ್ಲಿ ಒರೆಸಿ
ಎರಡಡಿಗೆ ಎಳೆದೆ.
"ಯಾರು ಹೇಳಿದ್ರು?"
"ಯಾರೂ ಹೇಳಲಿಲ್ಲ."
ಮೊಗಣ್ಣ ಗೋಡೆ ನೋಡಿದ, ನನ್ನನ್ನು ನೋಡಿದ.
"ಹ್ಞೂ. ಕೊರಿ."
ಅವತ್ತು ರಾತ್ರಿಯೆಲ್ಲ ನಾನು ಮೇಸ್ತ್ರಿಯಾಗಿದ್ದೆ.

ಮೀಟರ್ ಬಂದ ದಿನ ಅವನೇ ಅಂದ,
"ಮೇನ್ ನೀನೇ ಹಾಕು."
ಹಾಲ್ ಹತ್ತಿತು. ಅಡಿಗೆಮನೆ ಹತ್ತಿತು.
ದೇವರಿಲ್ಲದ ದೇವರಮನೆಯೂ ಹತ್ತಿತು.
ಹತ್ತದೆ ಉಳಿದದ್ದು ಆ ಕೋಣೆ.
ಕುಕ್ಕರುಗಾಲಲ್ಲಿ ಕೂತು ತಗಡಿನ ಬಾಕ್ಸಿಗೆ ಕೈ ಚಾಚಿದೆ,
ಟೆಸ್ಟರ್ ಜೇಬಿನಲ್ಲೇ ಇತ್ತು.

ಹೊಡೆಯಿತು.
ಭುಜದವರೆಗೆ ಯಾರೋ ಹಗ್ಗ ಜಗ್ಗಿ ಬಿಟ್ಟ ಹಾಗೆ.
ಹಿಂಗೈಯಾದ್ದರಿಂದ ಬಿಟ್ಟಿತು.

ಕಳಚಿದ ಕೆಂಪು ತಂತಿ ತಗಡಿಗೆ ತಾಗಿತ್ತು.
ಗುಂಡಿ ತುಂಬ ಉಪ್ಪು ಸುರಿದವಳು,
ಜಾಗ ಬದಲಿಸಿದ ಆ ಒಂದು ಬಾಕ್ಸಿಗೆ
ಹಸಿರು ತಂತಿ ಸಿಕ್ಕಿಸಿರಲಿಲ್ಲ.
ಅವಳ ಕೈಗೆಟುಕಲಿ ಅಂತಲೇ
ಅಷ್ಟು ಕೆಳಗಿಟ್ಟಿದ್ದೆ.
ಅವಳು ಅಂಗೈಯಿಂದ ಮುಟ್ಟುತ್ತಿದ್ದಳು.

ಮೊಗಣ್ಣ ಬೈಯಲಿಲ್ಲ. ಮೇನ್ ಇಳಿಸಿ,
ಹಸಿರು ತಂತಿಯ ಸುರುಳಿ ನನ್ನ ಮುಂದಿಟ್ಟು
ಟೀ ತರಲು ಹೋದ.
ಬೈದಿದ್ದರೆ ಚೆನ್ನಾಗಿತ್ತು.
ಮನೆಯ ಹನ್ನೊಂದು ಬಾಕ್ಸನ್ನೂ ಬಿಚ್ಚಿದೆ,
ಹನ್ನೊಂದನ್ನೂ ಮತ್ತೆ ಬಿಗಿದೆ.
ಟೀ ಆರಿತ್ತು.

"ಇವತ್ತು ಹೊಡೀತಾ?"
ಚಪ್ಪಲಿ ಇನ್ನೂ ಕಾಲಲ್ಲೇ.
ಬಲಗೈಯನ್ನು ತೊಡೆಯ ಮೇಲೆ
ಅಂಗೈ ಮೇಲಾಗಿ ಇಟ್ಟುಕೊಂಡು ಅಂದೆ:
"ಇನ್ನೂ ಕರೆಂಟೇ ಬಂದಿಲ್ಲವ್ವ."