ಮೂರೋ ನಾಲ್ಕೋ

ಮುಳುಗುವ ಊರನ್ನು ಟೈಪು ಮಾಡುವ ಕೆಲಸ ನನ್ನದು.
ದಿನಗೂಲಿ. ಹಳೇ ಬಾಗಲಕೋಟೆಯಲ್ಲಿ
ಕಿರಾಣಿ ಅಂಗಡಿಯ ಮೇಲಿನ ಮಾಳಿಗೆ;
ಕಂಪ್ಯೂಟರಿಗೆ ಫ್ಯಾನು, ನಮಗೆ ಕಿಟಕಿ.
ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು.
ಹಸಿರು ಅಕ್ಷರದ ಆ ಪೆಟ್ಟಿಗೆಯ ಹಣೆಗೆ
ಸಿಪಾಯಿ ಸಂಗನಬಸು ಸೋಮವಾರಕ್ಕೊಮ್ಮೆ
ವಿಭೂತಿ ಹಚ್ಚುತ್ತಿದ್ದ,
ಧೂಳು ಅದಕ್ಕಾಗದೋ ಮಾರಾಯ ಎಂದರೂ ಕೇಳದೆ.

ಸರ್ವೆಯವರು ಮನೆಮನೆ ತಿರುಗಿ ಬರೆದು ತಂದ ಹಾಳೆ
ಎಡಕ್ಕೆ. ಕೀಬೋರ್ಡು ಬಲಕ್ಕೆ.
ಗೋಡೆ: ಮಣ್ಣೋ ಕಲ್ಲೋ.
ಬೇವಿನ ಮರ: ಹೌದು, ಇಲ್ಲ.
ಹೌದಿಗೆ ವೈ, ಇಲ್ಲಕ್ಕೆ ಎನ್.
ಒರಳುಕಲ್ಲಿಗೆ ಕಾಲಮ್ಮಿರಲಿಲ್ಲ;
ಹೊತ್ತೊಯ್ಯಬಹುದಾದದ್ದಕ್ಕೆ ಪರಿಹಾರವಿಲ್ಲ.

ಹೆಸರಿಗೆ ಇಪ್ಪತ್ತು ಅಕ್ಷರ, ಅದೂ ಇಂಗ್ಲಿಷಿನವು.
ಮಹಬೂಬಸಾಬ ಇಮಾಮಸಾಬ ರಂಗರೇಜ
ಎಂದು ಹೊಡೆಯುತ್ತ ಹೋದರೆ
ರಂಗರೇಜದ ಮೊದಲ ಆರ್ ಬಿದ್ದದ್ದೇ ತಡ
ಬೇಲಿ ಕಂಡ ಆಕಳಂತೆ ಕರ್ಸರ್ ನಿಂತುಬಿಟ್ಟಿತು.
ಮೂರು ತಲೆಮಾರು ನೂಲಿಗೆ ಬಣ್ಣ ಹಾಕಿದ ಮನೆತನ.
ಚೆಕ್ಕೂ ಹಾಗೇ ಬಂತು.
“ಈ ಆರ್ ಅಂದ್ರ ಏನ್ರಿ?” ಅಂದನಂತೆ ಬ್ಯಾಂಕಿನವ.
“ಅದರ ಮುಂದಿಂದು ನೀರಿಗೆ ಹೋತು” ಅಂದನಂತೆ ಮುದುಕ.

ಒಂದು ಓಣಿ ಮುಗಿದರೆ ಒಂದು ಫ್ಲಾಪಿ.
ಕರಿ, ಚೌಕ, ಹಪ್ಪಳದಂತೆ ಬಾಗುವಂಥದು.
ಒಂದು ಸಂಜೆ ಅದೇನು ಸಂಶಯ ಬಂತೋ,
ಕೆಳಗಿನ ಅಂಗಡಿಯ ತಕ್ಕಡಿಯಲ್ಲಿ
ಖಾಲಿಯದನ್ನೂ ತುಂಬಿದ್ದನ್ನೂ ಎದುರುಬದುರು ಇಟ್ಟೆ.
ಮುಳ್ಳು ಅಲುಗಲಿಲ್ಲ.
ಇನ್ನೂರ ಹದಿನಾರು ಮನೆ, ಎರಡು ಗರಡಿ, ಒಂದು ಹಿಟ್ಟಿನ ಗಿರಣಿ.
“ಏನ್ ತೂಗಾಕತ್ತೀರಿ ಬಾಯಾರ?” ಅಂದ ಮುರಿಗೆಪ್ಪ.
ಏನಿಲ್ಲ, ಅಂದೆ.
ತಕ್ಕಡಿಯೂ ಹಾಗೇ ಅಂದಿತ್ತಲ್ಲ.

ಆಮೇಲೆ ನೀರು ಬಂತು. ನವನಗರಕ್ಕೆ ಬಂದೆವು.
ಇಲ್ಲಿ ಓಣಿಯಿಲ್ಲ, ಸೆಕ್ಟರ್.
ಫ್ಲಾಪಿಯೊಳಗೂ ಇರೋದು ಸೆಕ್ಟರೇ ಮೇಡಮ್,
ಕೆಲವು ಕೆಟ್ಟಾವು, ಎಂದ ಮೊನ್ನೆ ರಿಪೇರಿಯ ಹುಡುಗ.
ನಕ್ಕೆ. ಯಾಕೆಂದು ಅವನಿಗೆ ತಿಳಿಯಲಿಲ್ಲ,
ಅವನು ಹುಟ್ಟಿದ್ದೇ ಸೆಕ್ಟರಿನಲ್ಲಿ.

ಹೋಗಿದ್ದು ಜೈಬುನ್ನಿಸಾಳ ಸಲುವಾಗಿ,
ಮಹಬೂಬಸಾಬನ ಮಗಳು.
ಅಣ್ಣನಿಗೂ ಆಕೆಗೂ ಎಂಟು ವರ್ಷದ ವಾದ:
ಅಂಗಳದಲ್ಲಿ ನೀಲಿಯ ಬಾನಿ ಮೂರೋ ನಾಲ್ಕೋ.
ಅಪ್ಪನಿಲ್ಲ. ಫೋಟೋದಲ್ಲಿ ಮದುವೆಯ ಹಂದರ ಅಡ್ಡ ಬಂದಿದೆ.
“ನೀವು ಬರಕೊಂಡಿದ್ರೆಲ್ಲ ಅಕ್ಕಾರ, ಎಲ್ಲಾ!”
ಆಫೀಸು ರದ್ದಿಗೆ ಹಾಕಿದಾಗ ನಾನು ಎತ್ತಿ ತಂದದ್ದು
ಚಕ್ಕುಲಿಯ ಡಬ್ಬಿಯಲ್ಲಿತ್ತು, ಬೂಸರು ಹಿಡಿದು.

ಹುಡುಗ ಅತ್ತರಿನ ಹತ್ತಿಯಿಂದೆಂಬಂತೆ ಒರೆಸಿದ.
ಹಳೇ ಡ್ರೈವು ಕಟಕ ರೊಟ್ಟಿ ಮುರಿದಂತೆ ಸದ್ದು ಮಾಡಿ
ಓದಲಾರೆ ಅಂದಿತು. ಬಿಟ್ಟುಬಿಡಲೇ, ಮತ್ತೆ ನೋಡಲೇ?
ಮತ್ತೆ ನೋಡೆನ್ನಲು ಆರ್ ಒತ್ತಬೇಕು.
ಆರ್. ಆರ್. ಆರ್.
ಹನ್ನೊಂದನೆಯದಕ್ಕೆ ಓಣಿ ಎದ್ದು ಬಂತು,
ಸಾಲು ಸಾಲಾಗಿ, ಕೆಳಗಿನಿಂದ ಮೇಲಕ್ಕೆ.
“ನಿಲ್ಸು! ಅಬ್ಬಾನ ಹೆಸರು!”
ಜೈಬುನ್ನಿಸಾ ಕನ್ನಡಕ ಏರಿಸಿ ಗಾಜಿಗೆ ಬೆರಳಿಟ್ಟು
ಅಡ್ಡಕ್ಕೆ ಸರಿದಳು, ಕಾಲಮ್ಮಿನಿಂದ ಕಾಲಮ್ಮಿಗೆ.
ಬಣ್ಣದ ಬಾನಿ: ವೈ.

ಎಷ್ಟು ಎಂದರೆ ಹೌದು ಎನ್ನುತ್ತಿದೆ ಯಂತ್ರ.
ಆಕೆ ನಕ್ಕ ನಗೆಗೆ ಬಾಜೂ ಅಂಗಡಿಯವ ಇಣುಕಿದ.
“ಇಷ್ಟು ನಮ್ಮಣ್ಣಗೂ ಗೊತ್ತೈತ್ರಿ!”
ಮೂವತ್ತು ರೂಪಾಯಿ ತಾನೇ ಕೊಟ್ಟಳು, ನನಗೆ ಬಿಡಲಿಲ್ಲ.

ನಾನು ಹೇಳಲಿಲ್ಲ.
ಹಾಳೆಯಲ್ಲಿ ಸರ್ವೆಯವ ಅಂಕಿಯನ್ನೇ ಬರೆದಿದ್ದ.
ಅದರ ಮೇಲೆಯೇ ಮುದುಕನ ಹೆಬ್ಬೆಟ್ಟು ಬಿದ್ದಿತ್ತು,
ಶಾಯಿಯ ಡಬ್ಬಿ ಬೇಡದ ಹೆಬ್ಬೆಟ್ಟು, ಮೊದಲೇ ನೀಲಿ,
ಸುರುಳಿ ಸುರುಳಿ ಗೆರೆ, ನಡುವೆ ಸೂಜಿಯಷ್ಟು ಗಾಯ.
ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೆ ಕೂಡ.
ಕಾಲಮ್ಮಿಗೆ ಹೌದು ಸಾಕಿತ್ತು.
ವೈ ಒತ್ತಿದೆ. ಎಂಟರ್ ಒತ್ತಿದೆ.
ಮುಂದಿನ ಮನೆ ಬಡಿಗೇರರದು.
ಬೇವಿನ ಮರ: ಇಲ್ಲ.